ದೊರೆಸಾನಿಯ ಜ್ವರ

ಮಹಡಿ ಮನೆಯ ಹುಡುಗಿ ವಂದನಾ ನನ್ನಿಂದ ಕೇಳಿ ಪಡೆದಿದ್ದ ಹಳೆಯ ಇಂಗ್ಲಿಷ್ ಕಾದಂಬರಿಯನ್ನು ವಾಪಸು ತಂದು, ಅಂಗಡಿಯವನು ಕೊಳೆತ ಟೊಮೇಟೊ ಕೊಟ್ಟಾಗ ಮಾಡುವಂಥ ಮುಖ ಮಾಡಿಕೊಂಡು ಬಾಗಿಲಲ್ಲಿ ನಿಂತಳು.

“ಆಂಟಿ, ಇದ್ರಲ್ಲಿ ಕ್ಲೈಮ್ಯಾಕ್ಸೇ ಇಲ್ಲ! ಡಾಕ್ಟ್ರು ದ್ರಾಕ್ಷಿ ಬುಟ್ಟಿ ಹಿಡ್ಕೊಂಡು ಅವಳ ಮನೆ ಬಾಗ್ಲಿಗೆ ಬರ್ತಾನೆ, ಅಷ್ಟೇ. ಆಮೇಲಿನ ಪೇಜ್‌ಗಳನ್ನ ಯಾರೋ ನೀಟಾಗಿ ಕಟ್ ಮಾಡ್ಬಿಟ್ಟಿದಾರೆ.”

“ಹೌದು ಕಣಮ್ಮ,” ಎಂದೆ.

“ಮೊದ್ಲೇ ಹೇಳ್ಬಾರ್ದಿತ್ತಾ? ಕಣ್ಣು ಕಿತ್ತೋಗೋ ಹಾಗೆ ಓದಿದೀನಿ. ಸೋಮವಾರ ಸೆಮಿನಾರ್ ಬೇರೆ!”

ಪಾಪದ ಹುಡುಗಿ. ಎಂ.ಎ. ಓದುತ್ತಿದ್ದಾಳೆ. ಸೆಮಿನಾರಿನ ವಿಷಯ ‘ವಿಕ್ಟೋರಿಯನ್ ಸಾಹಿತ್ಯದಲ್ಲಿ ಕುಟುಂಬ, ವಿವಾಹ ಮತ್ತು ನೀತಿ’. ಈ ಮೂರನ್ನೂ ಒಟ್ಟಿಗೆ ಹೇಳುವಾಗ ಅವಳ ಮೇಷ್ಟರ ಧ್ವನಿ ಎಷ್ಟು ಗಂಭೀರವಾಗಿದ್ದಿರಬಹುದೆಂದು ಊಹಿಸಬಲ್ಲೆ. ಕೂತುಕೋ, ಕಾಫಿ ಕುಡಿ, ಕೊನೆಯಲ್ಲಿ ಏನಾಯಿತೆಂದು ಹೇಳುತ್ತೇನೆ ಎಂದೆ. “ಶಾರ್ಟಾಗಿ ಹೇಳಿ ಸಾಕು ಆಂಟಿ” ಎಂದಳು. ಶಾರ್ಟಾಗಿ ಹೇಳುವ ವಯಸ್ಸು ನನ್ನದಲ್ಲ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ನಿಮ್ಮ ಕಾಫಿ ನೀವೇ ಮಾಡಿಕೊಳ್ಳಿ.

ಈ ವಿಷಯಕ್ಕೆ ವಂದನಾ ಲೈಬ್ರರಿ ಲೈಬ್ರರಿ ಅಲೆಯಬೇಕು. ನಾನು ಅಲೆಯಬೇಕಿಲ್ಲ. ನಾನು ಹುಟ್ಟಿ ಬೆಳೆದದ್ದೇ ಅಪ್ಪಟ ವಿಕ್ಟೋರಿಯನ್ ಮನೆಯಲ್ಲಿ. ಮನೆ ಇದ್ದದ್ದು ಮಾತ್ರ ಹೆಬ್ಬಾಳದಲ್ಲಿ, ಕೆರೆ ಏರಿಯ ಕೆಳಗೆ.

ಐವತ್ತರ ದಶಕದಲ್ಲಿ ಹೆಬ್ಬಾಳ ಇನ್ನೂ ಹಳ್ಳಿಯೇ. ಬಳ್ಳಾರಿ ರಸ್ತೆಯಲ್ಲಿ ಬಸ್ಸಿನ ಸದ್ದಾದರೆ ಎದ್ದು ಹೋಗಿ ಯಾರು ಇಳಿದರೆಂದು ನೋಡಿ ಬರುವಷ್ಟು ಪುರುಸೊತ್ತು ಎಲ್ಲರಿಗೂ ಇತ್ತು. ನಮ್ಮದು ಒಕ್ಕಲುತನದ ಮನೆ. ಕೆರೆಯ ಕೆಳಗೆ ಗದ್ದೆ, ಮೇಲುಗಡೆ ರಾಗಿ ಹೊಲ, ಹಿತ್ತಿಲಲ್ಲಿ ಅವರೆ ಬಳ್ಳಿ. ಎಲ್ಲವೂ ಸರಿಯಾಗಿಯೇ ನಡೆದುಕೊಂಡು ಹೋಗುತ್ತಿದ್ದಾಗ ನಮ್ಮಪ್ಪ ಇಂಗ್ಲಿಷ್ ಕಲಿತುಬಿಟ್ಟರು. ಕಲಿತು ಮಿಡ್ಲ್ ಸ್ಕೂಲಿನ ಹೆಡ್ ಮಾಸ್ಟರಾದರು. ಪಂಚೆಯ ಮೇಲೆ ಕೋಟು ಬಂತು. ಮೋಡ ಇರಲಿ ಬಿಡಲಿ, ಕಂಕುಳಿಗೆ ಛತ್ರಿ ಬಂತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದಂಡು ಪ್ರದೇಶದ ಬಿಳಿಯರು ಮನೆ ಖಾಲಿ ಮಾಡಿಕೊಂಡು ಊರಿಗೆ ಹೊರಟರಲ್ಲ, ಆಗ ಅವರು ಮಾರಿದ ಪುಸ್ತಕಗಳನ್ನು ಅಪ್ಪ ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ತಂದರು. ಎಲ್ಲ ದಪ್ಪ ದಪ್ಪ ಕಾದಂಬರಿಗಳು. ಆಳಿದವರು ತಮ್ಮ ಬೆಳ್ಳಿ ಚಮಚಗಳನ್ನು ಜೋಪಾನವಾಗಿ ಪೆಟ್ಟಿಗೆಗೆ ತುಂಬಿಕೊಂಡು, ನೀತಿಯನ್ನು ಮಾತ್ರ ಅಗ್ಗಕ್ಕೆ ಬಿಟ್ಟು ಹೋದರು. ನಮ್ಮಪ್ಪ ಕೊಂಡರು.

ಆ ಕಾದಂಬರಿಗಳಲ್ಲಿ ಸಂಭಾವಿತರು ಎಂದರೆ ಅವರಿಗೊಂದು ಡ್ರಾಯಿಂಗ್ ರೂಮ್ ಇರಲೇಬೇಕು. ಆದ್ದರಿಂದ ರಾಗಿ ಮೂಟೆ ಜೋಡಿಸುತ್ತಿದ್ದ ನಮ್ಮ ಮುಂದಿನ ಪಡಸಾಲೆ ಒಂದು ಭಾನುವಾರ ಡ್ರಾಯಿಂಗ್ ರೂಮ್ ಆಯಿತು. ಮೂಟೆಗಳು ಅಟ್ಟಕ್ಕೆ ಹೋದವು. ಬೆತ್ತದ ಕುರ್ಚಿಗಳು ಬಂದವು. ಅಮ್ಮನ ಹಳೆಯ ಸೀರೆ ಪರದೆಯಾಯಿತು. ಒಂದೇ ತೊಂದರೆಯೆಂದರೆ, ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕೊಟ್ಟಿಗೆ ಮನೆಯೊಳಗೇ ಇರುತ್ತಿತ್ತು, ಅದಕ್ಕೆ ಬೇರೆ ಬಾಗಿಲು ಇರುತ್ತಿರಲಿಲ್ಲ. ಹೀಗಾಗಿ ದಿನಾ ಸಂಜೆ ನಮ್ಮ ಹಸುಗಳು ಕೆರೆಯಲ್ಲಿ ನೀರು ಕುಡಿದು ಬಂದು, ಪರದೆ ಸರಿಸಿ, ಡ್ರಾಯಿಂಗ್ ರೂಮನ್ನು ಹಾದು, ಒಳಗೆ ಹೋಗುತ್ತಿದ್ದವು. ಹೋಗುವಾಗ ಮಾಡುವುದನ್ನು ಮಾಡಿಯೂ ಹೋಗುತ್ತಿದ್ದವು. ಅಪ್ಪ ಆ ಹೊತ್ತಿನಲ್ಲಿ ಕುರ್ಚಿಯ ಮೇಲೆ ಕಾಲೆತ್ತಿ ಕೂತು, ಏನೂ ಆಗುತ್ತಿಲ್ಲವೆಂಬಂತೆ ಓದುತ್ತಿದ್ದರು. ಏನೂ ಆಗುತ್ತಿಲ್ಲವೆಂಬಂತೆ ಇರುವುದೇ ವಿಕ್ಟೋರಿಯನ್ ನೀತಿಯ ಮೊದಲ ಪಾಠವೆಂದು ನನಗೆ ಆಮೇಲೆ ಕಾಲೇಜಿನಲ್ಲಿ ತಿಳಿಯಿತು.

ಎರಡನೆಯ ಪಾಠ, ಕೆಲವು ಮಾತುಗಳನ್ನು ಆಡಕೂಡದು. ನನ್ನ ತಮ್ಮ ಅಮ್ಮನ ಹೊಟ್ಟೆಯಲ್ಲಿದ್ದಾಗ ಬಸುರಿ ಎನ್ನುವ ಮಾತು ಅಪ್ಪನ ಬಾಯಲ್ಲಿ ಬರಲಿಲ್ಲ. ಯಾರಾದರೂ ಕೇಳಿದರೆ “ನಮ್ಮನೆಯವರಿಗೆ ಸ್ವಲ್ಪ ಹುಷಾರಿಲ್ಲ” ಎನ್ನುತ್ತಿದ್ದರು. ಅಜ್ಜಿ, ಅಂದರೆ ಅಪ್ಪನ ತಾಯಿ, ಒಂದು ದಿನ ತಡೆಯಲಾರದೆ ಬಂದವರೆದುರೇ ಅಂದುಬಿಟ್ಟಳು: “ಉಷಾರಿಲ್ದೆ ಏನ್ಲಾ? ಇಬ್ರೂ ಚೆನ್ನಾಗಿ ಉಷಾರಾಗಿದ್ದಿದ್ಕೇ ಅಲ್ವಾ ಇದಾಗಿರಾದು?” ಅಪ್ಪ ಛತ್ರಿ ತೆಗೆದುಕೊಂಡು ಕೆರೆ ಏರಿಯ ಮೇಲೆ ವಾಕಿಂಗ್ ಹೋದರು. ಸಂಕಟ ಬಂದಾಗಲೆಲ್ಲ ಆ ಕಾದಂಬರಿಗಳ ಗಂಡಸರೂ ವಾಕಿಂಗ್ ಹೋಗುತ್ತಾರೆ. ಹೆಂಗಸರಿಗೆ ಆ ಸೌಲಭ್ಯ ಇಲ್ಲ. ಅವರು ಹೊರಗೆ ಹೋದರೆ ಮಳೆ ಬರುತ್ತದೆ.

ಈ ಮಳೆಯ ವಿಚಾರ ಸ್ವಲ್ಪ ಹೇಳಬೇಕು. ಆ ದೇಶದ ಮಳೆಗೆ ಅಸಾಧ್ಯ ಬುದ್ಧಿ. ಗಂಡನನ್ನು ಬಿಟ್ಟು ಬಂದವಳು, ಹೇಳಿದ ಮಾತು ಕೇಳದವಳು, ಯಾರ ಜೊತೆಯೋ ಒಂದಿಷ್ಟು ನಕ್ಕವಳು, ಇಂಥವರನ್ನೇ ಹುಡುಕಿಕೊಂಡು ಹೋಗಿ ನೆನೆಸುತ್ತದೆ. ನೆನೆದ ಮರುದಿನ ಜ್ವರ. ಜ್ವರ ಬಂದ ಮೇಲೆ ಒಂದು ಅಧ್ಯಾಯ ಪಶ್ಚಾತ್ತಾಪ, ಆಮೇಲೆ ಮುಖದ ಮೇಲೆ ಒಂದು ಥರದ ಬೆಳಕು, ಆಮೇಲೆ ಗೋರಿಯ ಮೇಲೆ ಹೂವು. ಅದೇ ಮಳೆಯಲ್ಲಿ ಕುದುರೆ ಓಡಿಸಿಕೊಂಡು ಹೋದ ಗಂಡಸು ಮನೆಗೆ ಬಂದು, ಬೂಟು ಬಿಚ್ಚಿ, ಹುರಿದ ಬಾತುಕೋಳಿ ತಿನ್ನುತ್ತಾನೆ. ಒಂದು ಸಲ ಸೀನುವುದೂ ಇಲ್ಲ. ನಾನು ಅಪ್ಪನ ಬೀರುವಿನಲ್ಲಿದ್ದ ಕಾದಂಬರಿಗಳನ್ನೆಲ್ಲ ಓದಿದೆ. ಹೆಂಡತಿಗೆ ಹೊಡೆದು ಜ್ವರ ಬಂದು ಸತ್ತವನು ಒಬ್ಬನೂ ಸಿಗಲಿಲ್ಲ.

ನಮ್ಮ ಮನೆಯಲ್ಲಿ ಹಾಗೆ ಬಿಟ್ಟು ಬಂದವಳು ರತ್ನತ್ತೆ, ಅಪ್ಪನ ಒಬ್ಬಳೇ ತಂಗಿ. ತಣಿಸಂದ್ರಕ್ಕೆ ಕೊಟ್ಟಿದ್ದರು. ಗಂಡ ಕುಡಿಯುತ್ತಿದ್ದ, ಕುಡಿದು ಬಡಿಯುತ್ತಿದ್ದ, ಕುಡಿಯದ ದಿನ ಅಭ್ಯಾಸ ತಪ್ಪಬಾರದೆಂದು ಬಡಿಯುತ್ತಿದ್ದ. ಅವಳು ತವರಿಗೆ ಓಡಿ ಬಂದಾಗಲೆಲ್ಲ ಅಪ್ಪ ಡ್ರಾಯಿಂಗ್ ರೂಮಿನಲ್ಲಿ ಕೂರಿಸಿ, ಡ್ಯೂಟಿ ಎಂದರೇನು ಎಂದು ತಿಳಿಸಿ, ತಾವೇ ಹೋಗಿ ಬಿಟ್ಟು ಬರುತ್ತಿದ್ದರು. ಆದರೆ ಆ ವರ್ಷ ಅವರೆಕಾಯಿ ಕಾಲದಲ್ಲಿ ಅವಳು ಹೊಲಗಳ ಬದುವಿನ ಮೇಲೆ ನಡೆದುಕೊಂಡು ಬಂದಾಗ ಕಂಕುಳಲ್ಲಿ ತಾಮ್ರದ ಬಿಂದಿಗೆ ಇತ್ತು. ಮದುವೆಯಲ್ಲಿ ತವರಿನಿಂದ ಕೊಟ್ಟ ಬಿಂದಿಗೆ. ಅದನ್ನು ನೋಡಿದ ಕೂಡಲೇ ಅಜ್ಜಿಗೂ ಅಮ್ಮನಿಗೂ ಗೊತ್ತಾಯಿತು, ಇವಳಿನ್ನು ವಾಪಸು ಹೋಗುವವಳಲ್ಲ ಎಂದು. ಅವಳ ಎಡಗಿವಿ ಕೇಳಿಸುತ್ತಿರಲಿಲ್ಲ. ಏಟು ಅಲ್ಲಿಗೇ ಬಿದ್ದಿತ್ತು.

ಎರಡೂ ಊರಿನ ಹಿರಿಯರು ಕೂತು ಮಾತಾಡಿದರು. ಗಂಡ ತಲೆ ಕೂಡ ಎತ್ತದೆ “ಬುಟ್ರೆ ಬುಡ್ಲಿ” ಎಂದ. ಬಿಡುಗಡೆ ಆಯಿತು. ಆದ ಕೆಲವೇ ದಿನಗಳಲ್ಲಿ ಕೆಂಪಾಪುರದ ಪಿಳ್ಳಪ್ಪ ಅಜ್ಜಿಯ ಹತ್ತಿರ ಬಂದ. ದ್ರಾಕ್ಷಿ ತೋಟದವನು, ಹೆಂಡತಿ ತೀರಿಕೊಂಡಿದ್ದಳು, ಮಾತು ಕಡಿಮೆ. ರತ್ನತ್ತೆಯನ್ನು ಕೂಡಾವಳಿ ಮಾಡಿಕೊಳ್ಳುತ್ತೇನೆ ಎಂದ.

ಕೂಡಾವಳಿ ಎಂದರೆ ವಂದನಾಗೆ ಗೊತ್ತಿರಲಿಲ್ಲ, ನಿಮಗೂ ಗೊತ್ತಿಲ್ಲದಿರಬಹುದು. ಗಂಡ ಸತ್ತವಳೋ, ಗಂಡನಿಂದ ಬಿಡುಗಡೆಯಾದವಳೋ ಹಿರಿಯರ ಒಪ್ಪಿಗೆಯಿಂದ ಇನ್ನೊಬ್ಬನ ಮನೆ ತುಂಬುವ ಪದ್ಧತಿ. ನಮ್ಮ ಜನರಲ್ಲಿ ಹಿಂದಿನಿಂದ ಇದ್ದದ್ದೇ. ಹಾಗೆಂದು ನಮ್ಮವರು ಮಹಾ ಉದಾರಿಗಳೆಂದು ತಿಳಿಯಬೇಡಿ. ವಾಲಗ ಇಲ್ಲ, ಚಪ್ಪರ ಇಲ್ಲ. ಹಿತ್ತಿಲಲ್ಲಿ, ಸಂಜೆ ಮಬ್ಬಿನಲ್ಲಿ, ಒಂದು ಸೀರೆ ಒಂದು ತಾಳಿ ಕೊಟ್ಟು ಮುಗಿಸುತ್ತಿದ್ದರು. ಮುತ್ತೈದೆಯರು ಆಚೆ ನಿಲ್ಲುತ್ತಿದ್ದರು. ಅವಳಿಗೆ ಬದುಕಲು ಬಿಡುತ್ತಿದ್ದರು, ಮುಂಬಾಗಿಲಿಂದ ಬಿಡುತ್ತಿರಲಿಲ್ಲ.

ಅದಕ್ಕೂ ಅಪ್ಪ ಒಪ್ಪಲಿಲ್ಲ. “ನಮ್ಮ ಮನೆತನದಲ್ಲಿ ಇಂಥದ್ದೆಲ್ಲ ನಡೆಯೋದಿಲ್ಲ” ಎಂದರು, ಊಟಕ್ಕೆ ಕೂತಾಗ. ಅಜ್ಜಿ ಅವರ ಮುಖವನ್ನು ಒಂದು ಗಳಿಗೆ ನೋಡಿದಳು. ಮುದ್ದೆಯ ಮೇಲೆ ಇನ್ನೊಂದು ಸೌಟು ಸಾರು ಬಿಟ್ಟಳು. ಬಿಡುಗಡೆ ಗಿಡುಗಡೆ ತಮಗೆ ಗೊತ್ತಿಲ್ಲ, ಸಂಕ್ರಾಂತಿ ಕಳೆದ ಮೇಲೆ ತಾವೇ ರತ್ನಳನ್ನು ತಣಿಸಂದ್ರಕ್ಕೆ ಕರೆದುಕೊಂಡು ಹೋಗಿ, ಅವಳ ಗಂಡನಿಗೆ ಬುದ್ಧಿ ಹೇಳಿ ಬಿಟ್ಟು ಬರುವುದಾಗಿ ಅಪ್ಪ ತೀರ್ಮಾನ ಕೊಟ್ಟರು. ರತ್ನತ್ತೆ ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಅವಳು ಅಳುವುದು ನನಗೆ ಕೇಳಿಸಿತು, ಅಪ್ಪನ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ.

ಇನ್ನು ಅಪ್ಪ ಮಾಡಿದ ತಪ್ಪು ನೋಡಿ. ಇಂಗ್ಲಿಷ್ ಕಲಿತ ಹೆಬ್ಬಾಳದ ಹೆಡ್ ಮಾಸ್ಟರೊಬ್ಬರು ಮಾತ್ರ ಮಾಡಬಹುದಾದ ತಪ್ಪು. ಬೀರು ತೆಗೆದು, ಈಗ ನನ್ನ ಹತ್ತಿರ ಇರುವ ಈ ಕಾದಂಬರಿಯನ್ನು ಹೊರಗೆ ತಂದು ನನ್ನ ಕೈಗಿಟ್ಟರು. ರಟ್ಟು ಆಗಲೇ ಹೋಗಿತ್ತು, ಹೆಸರೂ ಅದರ ಜೊತೆ ಹೋಗಿತ್ತು.

“ಸರೋಜ, ಕ್ರಿಸ್‌ಮಸ್ ರಜೆ ಇದೆಯಲ್ಲ, ದಿನಾ ಇದನ್ನ ಅತ್ತೆಗೆ ಕನ್ನಡದಲ್ಲಿ ಹೇಳು. ಗಂಡನ್ನ ಬಿಟ್ಟ ಹೆಣ್ಣಿನ ಗತಿ ಏನಾಗುತ್ತೆ ಅಂತ ತಿಳೀಲಿ. ಬೈದು ಹೇಳೋದಕ್ಕಿಂತ ಲಿಟರೇಚರ್ ಮನಸ್ಸಿಗೆ ನಾಟುತ್ತೆ.”

ನಾನು ಆಗ ಬಸ್ಸಿನಲ್ಲಿ ಸಿಟಿಗೆ ಹೋಗಿ ಇಂಟರ್‌ಮೀಡಿಯೇಟ್ ಓದುತ್ತಿದ್ದೆ. ಅಲ್ಲಿನ ಇಂಗ್ಲಿಷ್ ಮೇಷ್ಟರು ಇಂಥದೇ ಒಂದು ಕಾದಂಬರಿ ಪಾಠ ಮಾಡುತ್ತಿದ್ದರು. ಹುಡುಗಿಯರ ಕಾಲೇಜು ನೋಡಿ, ಮುಜುಗರದ ಜಾಗ ಬಂದಾಗ ಅವರು ಕೆಮ್ಮಿ ಪುಟ ತಿರುವುತ್ತಿದ್ದರು. ಕೆಮ್ಮಿದ ಪುಟಕ್ಕೆ ನಾವು ಗುರುತು ಹಾಕಿಕೊಂಡು, ಬಸ್ಸಿನಲ್ಲಿ ತಲೆಗೆ ತಲೆ ಸೇರಿಸಿ ಓದುತ್ತಿದ್ದೆವು. ನೋಡಿದರೆ ಅಲ್ಲಿ ನಾಯಕಿ ಕಾಲುಚೀಲ ಒಣಗಿಸುತ್ತಿರುತ್ತಿದ್ದಳು. ಇಷ್ಟೊಂದು ಕೆಮ್ಮಿಗೆ ಇಷ್ಟೇನಾ ಎಂದು ನಮಗೆ ಬಹಳ ನಿರಾಸೆಯಾಗುತ್ತಿತ್ತು.

ಕಥಾಕಾಲಕ್ಷೇಪ ನಡೆದದ್ದು ಮಧ್ಯಾಹ್ನದ ಬಿಸಿಲಲ್ಲಿ, ಹಿತ್ತಿಲ ಜಗುಲಿಯ ಮೇಲೆ. ಅವರೆ ಕಾಲವಾದ್ದರಿಂದ ಹೆಂಗಸರಿಗೆ ದಿನಾ ಹಿತುಕುವ ಕೆಲಸ ಇದ್ದೇ ಇರುತ್ತಿತ್ತು. ನೆನೆಸಿದ ಅವರೆಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಅಜ್ಜಿ, ಅಮ್ಮ, ರತ್ನತ್ತೆ ಮೂವರೂ ಸುತ್ತ ಕೂತು ಹಿತುಕುತ್ತಿದ್ದರು. ರತ್ನತ್ತೆ ಬಲಗಿವಿಯನ್ನು ನನ್ನ ಕಡೆ ಮಾಡಿಕೊಂಡು ಕೂರುತ್ತಿದ್ದಳು.

“ಒಂದೂರಲ್ಲಿ ಒಬ್ಬ ಪಾದ್ರಿಗೆ ಒಬ್ಬಳೇ ಮಗಳು,” ಎಂದು ಶುರು ಮಾಡಿದೆ.

“ಜಮೀನೆಷ್ಟು?” ಎಂದಳು ಅಜ್ಜಿ.

“ಪಾದ್ರಿಗೆ ಎಲ್ಲಿ ಜಮೀನು ಅಜ್ಜಿ?”

“ಮತ್ತೆ ಎಣ್ಣು ಕೇಳಕ್ಕೆ ಯಾರ್ ಬತ್ತಾರೆ?”

ಬಂದವನು ದೊಡ್ಡ ಮಿಲ್ಲಿನ ಮಾಲೀಕ. ಅವನು ಅವಳ ಕಣ್ಣಿಗೆ ಮರುಳಾದನೆಂದು ಹೇಳಲು ಗ್ರಂಥಕರ್ತ ತೋಟ, ಹೂವು, ಪಿಯಾನೋ, ಹಕ್ಕಿ ಎಲ್ಲ ಖರ್ಚು ಮಾಡಿದ್ದ. ಎಷ್ಟೋ ಪುಟ ಕಳೆದ ಮೇಲೆ, ಹುಡುಗಿಗೆ ಮಕ್ಕಳಿಲ್ಲದ ಸೋದರಮಾವನ ಆಸ್ತಿ ಬರಲಿದೆ ಎಂಬ ಸಂಗತಿ ಮೆಲ್ಲಗೆ ಹೊರಗೆ ಬಂತು.

“ಅಂಗೆ ಏಳು ಮತ್ತೆ!” ಎಂದಳು ಅಜ್ಜಿ. “ಅದನ್ ಬುಟ್ಟು ಅಕ್ಕಿ ಪಕ್ಕಿ ಅಂತ ಊರೆಲ್ಲ ಸುತ್ತಾಕ್ಕೊಂಡ್ ಬತ್ತೀಯಲ್ಲ. ತರಿಯಾ ಖುಷ್ಕಿಯಾ?”

ಗದ್ದೆಯೋ ಒಣ ಹೊಲವೋ ಎಂಬುದನ್ನು ಗ್ರಂಥಕರ್ತ ಬರೆದಿರಲಿಲ್ಲ. ಆದರೆ ನಮ್ಮ ಮೇಷ್ಟರು ವರ್ಷವಿಡೀ ‘ಮನೆಯೇ ಗುಡಿ, ಹೆಂಡತಿಯೇ ಅದರ ದೇವತೆ’ ಎಂದು ಪಾಠ ಹೇಳಿ ತಲುಪದ ಜಾಗಕ್ಕೆ ಅಜ್ಜಿ ಮೊದಲ ದಿನವೇ ತಲುಪಿದ್ದಳು. ಆ ಗುಡಿಗಳೆಲ್ಲ ಯಾವುದಾದರೊಂದು ಪಿತ್ರಾರ್ಜಿತ ಆಸ್ತಿಯ ಮೇಲೆಯೇ ಕಟ್ಟಿದವು.

ಮದುವೆಯಾಯಿತು. ಆ ಸಂಜೆ ಕಣಿವೆಯಲ್ಲಿ ದಟ್ಟವಾಗಿ ಮಂಜು ಕವಿಯಿತು. ಓಕ್ ಮರಗಳು ಕಾಣಿಸಲಿಲ್ಲ. ಗಡಿಯಾರ ಹೊಡೆಯಿತು. ಮುಂದಿನ ಅಧ್ಯಾಯದಲ್ಲಿ ತೊಟ್ಟಿಲಲ್ಲಿ ಮಗು.

“ಮಂಜು ಕವುದ್ರೆ ಮಗಾ ಆಯ್ತದಾ?” ಎಂದು ಅಜ್ಜಿ ನಿಜವಾದ ಕುತೂಹಲದಿಂದ ಕೇಳಿದಳು. ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ರತ್ನತ್ತೆ ಜೋರಾಗಿಯೇ ನಕ್ಕಳು. ತಣಿಸಂದ್ರದಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮಗು ಉಳಿಯಲಿಲ್ಲ. ಆಮೇಲೆ ಒಂದು ಕಡೆ, ‘ಆ ಸಂಜೆ ಆತ ಆಕೆಯೊಡನೆ ಕಠೋರವಾಗಿ ನಡೆದುಕೊಂಡ’ ಎಂದು ಬಂತು. ನಾನು ಹಾಗೆಯೇ ಹೇಳಿ ಮುಂದೆ ಹೋದೆ. ರತ್ನತ್ತೆ ತಡೆದಳು.

“ನಿಂತ್ಕೋ. ಕಠೋರವಾಗಿ ಅಂದ್ರೆ? ಒಡದ್ನಾ?”

“ಬರೆದಿಲ್ಲ ಅತ್ತೆ.”

“ಎಲ್ಲಿಗ್ ಒಡದ ಅಂತಾನೂ ಬರ್ದಿಲ್ವಾ?”

ಪುಟದ ಹಿಂದೆ ಮುಂದೆ ನೋಡಿದೆ. ಇರಲಿಲ್ಲ. ಅದೇ ಕೋಣೆಯ ಕಿಟಕಿ ಪರದೆಯ ಅಂಚಿಗೆ ಹಾಕಿದ್ದ ಕಸೂತಿಗೆ ಗ್ರಂಥಕರ್ತ ಒಂದಿಡೀ ಪುಟ ಕೊಟ್ಟಿದ್ದ. ಆ ಏಟಿಗೆ ಅವನ ಹತ್ತಿರ ಇದ್ದದ್ದು ಒಂದೇ ಪದ. ರತ್ನತ್ತೆ ಎಡಗಿವಿಯನ್ನು ಮುಟ್ಟಿಕೊಂಡು, ಒದ್ದೆ ಕೈ ಕೊಡವಿ, ಮತ್ತೆ ಹಿತುಕತೊಡಗಿದಳು.

ಮುಂದೆ ಆ ಪಾದ್ರಿಯ ಮಗಳು, ನಮ್ಮವರ ಬಾಯಲ್ಲಿ ದೊರೆಸಾನಿ, ಒಂದು ಶಾಲು ಹೊದ್ದು ಮನೆ ಬಿಟ್ಟಳು. ಬಿಂದಿಗೆ ತೆಗೆದುಕೊಂಡು ಹೋಗಲಿಲ್ಲವಲ್ಲ ಎಂದು ನಮ್ಮವರೆಲ್ಲ ಬೇಸರಪಟ್ಟರು. ಹಳ್ಳಿಯೊಂದರಲ್ಲಿ ಸಣ್ಣ ಮನೆ ಹಿಡಿದು ಹೊಲಿಗೆ ಕೆಲಸ ಮಾಡಿಕೊಂಡಳು. ಅಲ್ಲಿ ಒಬ್ಬ ಡಾಕ್ಟರು. ಹೆಂಡತಿ ಸತ್ತವನು, ಒಳ್ಳೆಯವನು, ಮಾತು ಕಡಿಮೆ. ಬರುವಾಗಲೆಲ್ಲ ಬುಟ್ಟಿಯಲ್ಲಿ ದ್ರಾಕ್ಷಿ ತರುತ್ತಿದ್ದ.

ಇಷ್ಟು ಹೇಳುವ ಹೊತ್ತಿಗೆ ಸರಿಯಾಗಿ ಹಿತ್ತಿಲ ಬೇಲಿಯಾಚೆ ಗಾಡಿಯ ಗಂಟೆ ಕೇಳಿಸಿತು. ಪಿಳ್ಳಪ್ಪ ಸಿಟಿ ಮಾರ್ಕೆಟ್ಟಿಂದ ವಾಪಸು ಬರುತ್ತಾ ಒಂದು ಬುಟ್ಟಿ ದ್ರಾಕ್ಷಿಯನ್ನು ಬೇಲಿಯ ಮೇಲಿಂದ ಇಳಿಸಿ, “ಅಮ್ಮಾರಿಗೆ” ಎಂದಷ್ಟೇ ಹೇಳಿ ಹೋದ. ಮೂವರು ಹೆಂಗಸರೂ ಮುಖ ಮುಖ ನೋಡಿಕೊಂಡರು. ಅಂದಿನಿಂದ ಗಾಡಿಯ ಗಂಟೆ ಕೇಳಿಸಿದರೆ ಅಜ್ಜಿ, “ನೋಡೇ ರತ್ನಿ, ಡಾಕ್ಟ್ರು ಬಂದ್ರು” ಎನ್ನುತ್ತಿದ್ದಳು. ಅತ್ತೆ ತಲೆ ತಗ್ಗಿಸಿ ಬೇಗ ಬೇಗ ಹಿತುಕುತ್ತಿದ್ದಳು. ಹೀಗೆ ಅಪ್ಪನ ಔಷಧಿ ತಲೆಕೆಳಗಾಗಿ ಕೆಲಸ ಮಾಡುತ್ತಿತ್ತು. ಪಡಸಾಲೆಯಲ್ಲಿ ಕೂತ ಅವರಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಸಂಕ್ರಾಂತಿ ಹತ್ತಿರ ಬಂದಿತ್ತು. ಕೊನೆಯ ಅಧ್ಯಾಯದ ದಿನ ಅಪ್ಪ ತಾವೇ ಬೆತ್ತದ ಕುರ್ಚಿ ಎತ್ತಿಕೊಂಡು ಬಂದು, ಕೋಟಿನ ಗುಂಡಿ ಹಾಕಿಕೊಂಡು ಕೂತರು. ನಾನು ಹೇಳಿದೆ. ಮಳೆ ಬಂತು. ಅವಳು ನೆನೆದಳು. ಜ್ವರ ಬಂತು. ಗಂಡನಿಗೆ ಹೇಳಿ ಕಳಿಸಿದರು. ಅವಳು ಅವನ ಕಾಲ ಬಳಿ ಕೈಚಾಚಿ, ನಿಮ್ಮನ್ನು ಬಿಟ್ಟು ಬಂದ ಪಾಪಿಯನ್ನು ಕ್ಷಮಿಸಿ ಎಂದಳು. ಆತ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ. ಮುಖದ ಮೇಲೆ ಬೆಳಕು ಬಂತು, ಪ್ರಾಣ ಹೋಯಿತು. ಡಾಕ್ಟರು ಮನಸ್ಸು ಮುರಿದು ಯಾವುದೋ ಸೆಕೆ ದೇಶಕ್ಕೆ ಸೇವೆ ಮಾಡಲು ಹಡಗು ಹತ್ತಿದ. ಬಹುಶಃ ನಮ್ಮ ಕಡೆಗೇ.

“ಕೇಳಿದ್ರಾ?” ಎಂದರು ಅಪ್ಪ. ಅವರ ಕಣ್ಣು ಒದ್ದೆಯಾಗಿತ್ತು, ಸುಳ್ಳಲ್ಲ. “ಕ್ಯಾರೆಕ್ಟರ್ ಅಂದ್ರೆ ಇದು. ಕೊನೇಲಾದ್ರೂ ತನ್ನ ಡ್ಯೂಟಿ ಏನು ಅಂತ ತಿಳ್ಕೊಂಡ್ಳು.”

ರತ್ನತ್ತೆಯ ಬೆರಳು ಬಲವಾಗಿ ಒತ್ತಿತೋ ಏನೋ, ಒಂದು ಬೇಳೆ ಹಾರಿ ಅಪ್ಪನ ಕನ್ನಡಕಕ್ಕೆ ಟಪ್ ಎಂದು ಬಡಿಯಿತು. ಅಪ್ಪ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿರುವಾಗ ಅಜ್ಜಿ ಕೇಳಿದಳು.

“ಬಡದೋನ್ಗೆ ಜ್ವರ ಬಂತಾ?”

“ಇಲ್ಲ ಅಜ್ಜಿ,” ಎಂದೆ.

“ಯಾಕೆ, ಅವ್ನು ಮಳೇಲಿ ನೆನೀಲಿಲ್ವಾ?”

“ಅವನು ಸಾರೋಟಿನಲ್ಲಿ ಬಂದ.”

ಅಜ್ಜಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮಗನ ಕಡೆ ತಿರುಗಿದಳು.

“ಲೋ ಮಗಾ, ನಾನು ನಿಮ್ಮಪ್ಪುಂಗೆ ಕೂಡಾವ್ಳಿ ಆಗಿ ಬಂದಾಗ ನನ್ ಮೊದಲ್ನೇ ಗಂಡ ಬದ್ಕಿದ್ದ. ಅವ್ನೂ ಇಂಗೇ ಬಡೀತಿದ್ದ. ನಿನ್ ಬುಕ್ ಏಳ್ದಂಗೆ ಆಗಿದ್ರೆ ನಾನೂ ಜ್ವರ ಬಂದು ಸಾಯ್ಬೇಕಿತ್ತು. ಸತ್ತಿದ್ರೆ ನೀನೆಲ್ಲಿ ಉಟ್ತಿದ್ದೆ? ಈ ಕೋಟು ಯಾರ್ ಆಕ್ಕೊಂತಿದ್ರು?”

ಇದು ಗುಟ್ಟೇನಲ್ಲ. ಇಡೀ ಹೆಬ್ಬಾಳಕ್ಕೆ ಗೊತ್ತಿತ್ತು, ಬಾವಿಕಟ್ಟೆಯಲ್ಲಿ ನನಗೂ ಯಾರೋ ಹೇಳಿದ್ದರು. ನಮ್ಮ ಮನೆಯೊಳಗೆ ಮಾತ್ರ ಆ ಮಾತು, ಡ್ರಾಯಿಂಗ್ ರೂಮಿನ ಹಸುಗಳಂತೆ, ಇಲ್ಲವೇ ಇಲ್ಲವೆಂಬಂತೆ ಓಡಾಡಿಕೊಂಡಿತ್ತು. ಅಪ್ಪ ಕನ್ನಡಕ ಹಾಕಿಕೊಳ್ಳಲಿಲ್ಲ. ಮಾತಾಡಿದಾಗ ಅದರಲ್ಲಿ ಇಂಗ್ಲಿಷೇ ಇರಲಿಲ್ಲ.

“ಗೊತ್ತವ್ವ. ಕೂಡಾವಳಿ ಮಗ ಕೂಡಾವಳಿ ಮಗ ಅನ್ನಿಸ್ಕೊಂಡೇ ಬೆಳ್ದೋನು ನಾನು. ಮದುವೆ ಮನೇಲಿ ಹಸೆ ಹತ್ರ ಹೋದ್ರೆ ಕೈ ಹಿಡ್ದು ಆಚೆಗೆ ಎಳೀತಿದ್ರು. ಇಷ್ಟೆಲ್ಲ ಓದ್ಕೊಂಡ್ರೂ ಹಿಂದಿನಿಂದ ಈಗ್ಲೂ ಅಂತಾರೆ. ರತ್ನನ ಮಕ್ಳಿಗೂ ಅದೇ ಆಗ್ಬೇಕಾ?”

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಕೋಟು, ಛತ್ರಿ, ಸೀರೆಯ ಪರದೆ, ಬೀರು ತುಂಬ ನೀತಿ, ಎಲ್ಲವನ್ನೂ ಈ ಮನುಷ್ಯ ಒಂದು ಮಾತು ಕೇಳಿಸದಿರಲಿ ಎಂದು ತನ್ನ ಸುತ್ತ ಪೇರಿಸಿಕೊಂಡಿದ್ದರು. ನಾನು ನಕ್ಕದ್ದಕ್ಕೆಲ್ಲ ಒಂದು ಕಾರಣ ಇತ್ತು. ಕಾರಣ ತಿಳಿದ ಮೇಲೂ ನಗು ಬರುತ್ತದೆ, ಅದು ಬೇರೆ ಮಾತು.

ರತ್ನತ್ತೆ ತಲೆಯೆತ್ತಿದಳು.

“ಅಣ್ಣ, ನನ್ ಮಕ್ಳಿಗೆ ಏನಾದ್ರೂ ಅಂದ್ರೆ ಅವು ಎಲ್ಡ್ ಕಿವೀಲೂ ಕೇಳುಸ್ಕೊಳ್ಲಿ, ಪರವಾಗಿಲ್ಲ. ನಂಗೆ ಉಳ್ದಿರಾದು ಒಂದೇ ಕಿವಿ. ತಣಿಸಂದ್ರಕ್ಕೆ ಬುಟ್ಟು ಬಂದ್ರೆ ಇದೂ ಓಯ್ತದೆ.”

ಅಪ್ಪ ಎದ್ದು, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಒಳಗೆ ಹೋದರು. ಆ ದಿನ ವಾಕಿಂಗಿಗೂ ಹೋಗಲಿಲ್ಲ.

ಸಂಕ್ರಾಂತಿ ಬಂತು, ಹೋಯಿತು. ಅಪ್ಪ ತಣಿಸಂದ್ರದ ಹೆಸರೆತ್ತಲಿಲ್ಲ. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಜ್ಜಿ ಕಾದು ಕಾದು, ಹಿರಿಯರಿಗೆ ಹೇಳಿ ಕಳಿಸಿ ಕೂಡಾವಳಿಗೆ ದಿನ ಗೊತ್ತು ಮಾಡಿಸಿದಳು. ಅಪ್ಪ ಬರುತ್ತಾರೋ ಇಲ್ಲವೋ ಯಾರಿಗೂ ತಿಳಿಯದು. ಅಣ್ಣ ಬಾರದೆ ಹೋದರೆ ಈ ತವರಿಗೆ ಇನ್ನು ತಾನು ಕಾಲಿಡುವುದು ಹೇಗೆ ಎಂದು ರತ್ನತ್ತೆ ನನ್ನ ಹತ್ತಿರ ಒಂದೆರಡು ಸಲ ಹೇಳಿಕೊಂಡಳು.

ಆ ದಿನ ಬೆಳಗ್ಗೆ ಅತ್ತೆಗೆ ಎಣ್ಣೆ ನೀರು ಹಾಕಲು ಅಜ್ಜಿ ಹಂಡೆ ಒಲೆಗೆ ಬೆಂಕಿ ಮಾಡುತ್ತಿದ್ದಳು. ಇಬ್ಬನಿಗೆ ಸೌದೆ ನೆನೆದು ಬರೀ ಹೊಗೆ. ಊದಿ ಊದಿ ಅಜ್ಜಿಯ ಕಣ್ಣೆಲ್ಲ ಕೆಂಪು. ಆಗ ಅಪ್ಪ ಬಂದರು. ಕೈಯಲ್ಲಿ ಒಂದು ಹಿಡಿ ಹಾಳೆ. ಅಂಚು ನೋಡಿದರೆ ಅಡಿಪಟ್ಟಿ ಇಟ್ಟು ಕೊಯ್ದಂತೆ ನೇರವಾಗಿತ್ತು. ಪುಸ್ತಕದ ಮೂಲೆ ಮಡಿಸಿದರೆ ಹುಡುಗರ ಕಿವಿ ಹಿಂಡುತ್ತಿದ್ದ ಹೆಡ್ ಮಾಸ್ಟರು ಅವರು.

“ತಗೋ ಅವ್ವ, ಒಲೆಗೆ ಹಾಕು.”

ಅಜ್ಜಿ ಹಾಳೆಗಳನ್ನು ತಲೆಕೆಳಗಾಗಿ ಹಿಡಿದು ನೋಡಿದಳು. “ಏನ್ಲಾ ಇದು?”

“ಜ್ವರ,” ಎಂದರು ಅಪ್ಪ.

ಹಳೆಯ ಒಣ ಕಾಗದ, ಚೆನ್ನಾಗಿ ಹತ್ತಿಕೊಂಡಿತು. ಮಳೆ, ಪಶ್ಚಾತ್ತಾಪ, ಕ್ಷಮೆ, ಮುಖದ ಮೇಲಿನ ಬೆಳಕು ಎಲ್ಲ ಸೇರಿ ಒಂದು ಹಂಡೆ ನೀರು ಕಾಯಿತು. ಆ ಕಾದಂಬರಿಯಿಂದ ನಮ್ಮ ಮನೆಯ ಹೆಣ್ಣೊಬ್ಬಳಿಗೆ ಆದ ಉಪಕಾರ ಅದೊಂದೇ.

ಸಂಜೆ ಹಿರಿಯರು ಪದ್ಧತಿಯಂತೆ ಹಿತ್ತಿಲ ಕಡೆ ಹೊರಟಾಗ ಅಪ್ಪ ಕೋಟು ಹಾಕಿಕೊಂಡು ಬಂದು ದಾರಿಗೆ ಅಡ್ಡ ನಿಂತರು. “ಹಿತ್ತಿಲಲ್ಲಿ ಬೇಡ. ಡ್ರಾಯಿಂಗ್ ರೂಮಲ್ಲಿ ಆಗ್ಲಿ” ಎಂದರು. ಹಾಗೆಂದರೇನೆಂದು ಹಿರಿಯರಿಗೆ ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಇಷ್ಟವಾಗಲಿಲ್ಲ. ಮನೆ ಯಜಮಾನ ಹೇಳಿದ ಮೇಲೆ ಗೊಣಗಿಕೊಂಡು ಬಂದರು. ಪಿಳ್ಳಪ್ಪ ಬೆತ್ತದ ಕುರ್ಚಿಯ ತುದಿಯಲ್ಲಿ, ಅದು ಮುರಿದೀತೆಂಬ ಹೆದರಿಕೆಯಲ್ಲಿ ಕೂತ. ಸೀರೆ ಕೊಟ್ಟು, ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಹಸುಗಳು ಮನೆಗೆ ಬಂದವು. ಹಿರಿಯರು ಹೈ ಹೈ ಎನ್ನುತ್ತಾ ಎದ್ದರು. ಅಪ್ಪ ಮಾತ್ರ ಹೋಗಿ, ದೊಡ್ಡ ಮನುಷ್ಯರನ್ನು ಬರಮಾಡಿಕೊಳ್ಳುವಂತೆ ಪರದೆ ಸರಿಸಿ ಹಿಡಿದರು. ಹಸುಗಳು ಒಂದೊಂದಾಗಿ ಒಳಗೆ ಬಂದು, ಹೊಸ ಜೋಡಿಯ ಪಕ್ಕದಿಂದಲೇ ಕೊಟ್ಟಿಗೆಗೆ ಹೋದವು. ಈ ಗಲಾಟೆಯಲ್ಲಿ ಅಮ್ಮ, ದೂರ ನಿಲ್ಲಬೇಕಾಗಿದ್ದ ಮುತ್ತೈದೆ, ಯಾರನ್ನೂ ಕೇಳದೆ ಬಂದು ರತ್ನತ್ತೆಯ ಕೆನ್ನೆಗೆ ಅರಿಶಿನ ಹಚ್ಚಿದಳು. ಅತ್ತೆ ಅಣ್ಣನನ್ನು ನೋಡಿ ಅತ್ತಳು. ಅಪ್ಪನೂ ಅತ್ತರು, ಡಿಗ್ನಿಟಿ ಬಿಟ್ಟು.

ಮರುದಿನದಿಂದ ಅಪ್ಪ ಮೊದಲಿನಂತೆಯೇ ಆದರು. ಬಸುರಿಯರಿಗೆ ಹುಷಾರಿಲ್ಲದಿರುವುದು ಮುಂದುವರಿಯಿತು. ರತ್ನತ್ತೆಯ ಮಕ್ಕಳಿಗೆ ಕೂಡಾವಳಿ ಮಕ್ಕಳು ಎಂಬ ಮಾತು ಬಾರದೆಯೂ ಇರಲಿಲ್ಲ, ಬಂದೇ ಬಂತು. ಹಾಗೆ ಅಂದವರು ಎದುರಾದಾಗ ಅತ್ತೆ ಎಡಗಿವಿಯನ್ನು ಅವರ ಕಡೆ ತಿರುಗಿಸಿ ನಿಲ್ಲುತ್ತಿದ್ದಳು. ಗಂಡನ ಗಾಡಿಯ ಗಂಟೆ ಕೇಳಲು ಅವಳಿಗೆ ಬಲಗಿವಿ ಸಾಕಾಗಿತ್ತು.

ವಂದನಾಳ ಕಾಫಿ ತಣ್ಣಗಾಗಿತ್ತು. ಅವಳು ಮೂಗು ಒರೆಸಿಕೊಂಡಳು. ಆದರೂ ವಿದ್ಯಾರ್ಥಿನಿ ವಿದ್ಯಾರ್ಥಿನಿಯೇ.

“ಹಾಗಾದ್ರೆ ಆಂಟಿ, ಕೊನೇಲಿ ಹೀರೋಯಿನ್ ಸಾಯ್ತಾಳೆ ತಾನೆ? ಸೆಮಿನಾರಲ್ಲಿ ಹಾಗೇ ಹೇಳ್ಬಹುದಾ?”

“ಬೇರೆಯವರ ಪ್ರತಿಗಳಲ್ಲಿ ಸಾಯ್ತಾಳಮ್ಮ,” ಎಂದೆ. “ನಮ್ಮನೇದ್ರಲ್ಲಿ ಡಾಕ್ಟ್ರು ದ್ರಾಕ್ಷಿ ತಂದು ಬಾಗ್ಲಲ್ಲಿ ನಿಂತಿದಾನೆ. ನೀನೇ ನೋಡಿದ್ಯಲ್ಲ.”